ಸಿಂಬಿಯ ಮೇಲೆ ಕಂಪ್ಯೂಟರ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮಲ್ಲೇಶ್ವರಿಯ ಕಂಪ್ಯೂಟರ್ ಅವಳನ್ನು ಕೇಳದೆ ಕೆಲಸ ನಿಲ್ಲಿಸಿತು.

ಪರದೆ ನೀಲಿಯಾಯಿತು. ನಡುವೆ ಒಂದು ಚಕ್ರ ತಿರುಗತೊಡಗಿತು. ಕೆಳಗೆ ಎರಡು ಸಾಲು. ನವೀಕರಣ ನಡೆಯುತ್ತಿದೆ. ಯಂತ್ರವನ್ನು ಆರಿಸಬೇಡಿ. ಪಕ್ಕದಲ್ಲಿ ಒಂದು ಅಂಕಿ. ಎರಡು ಪರ್ಸೆಂಟ್.

ಹೊರಗೆ ಪಂಚಾಯಿತಿ ವರಾಂಡದಲ್ಲಿ ನಲವತ್ತಮೂರು ಹೆಣ್ಣುಮಕ್ಕಳು ಕುಳಿತಿದ್ದರು. ಮೊದಲನೆಯವಳ ಹೆಸರು ಅರ್ಧ ಟೈಪಾಗಿತ್ತು. ಆ ಅರ್ಧ ಹೆಸರೂ ನೀಲಿಯೊಳಗೆ ಮುಳುಗಿ ಹೋಯಿತು.

"ಏನಾತಬೇ ಮಲ್ಲಿ?" ಕಿಟಕಿಯಿಂದ ದುರುಗಮ್ಮ ಕೇಳಿದಳು. ಟೈಪಾಗುತ್ತಿದ್ದದ್ದು ಅವಳದೇ ಹೆಸರು.

"ಅಪ್ಡೇಟ್ ಆಗಾಕತ್ತದ."

"ಹಂಗಂದ್ರ?"

"ಹಳೇದಿದ್ದದ್ದು ಹೊಸಾದು ಆಗ್ತದಂತ."

"ಹೊಸಾದು ಆಗಂತ ನೀ ಹೇಳಿದ್ದೇನು?"

"ಇಲ್ಲ. ಯಾರೂ ನನ್ನ ಕೇಳಿಲ್ಲ."

"ನನ್ನ ಮದುವಿನೂ ಹಿಂಗ ಆಗಿತ್ತು ನೋಡು," ಎಂದಳು ದುರುಗಮ್ಮ. ವರಾಂಡ ನಕ್ಕಿತು. ಮಲ್ಲೇಶ್ವರಿ ನಗಲಿಲ್ಲ. ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಜಾಲಿದಿನ್ನಿಯಲ್ಲಿ ದಿನಾ ಹನ್ನೊಂದಕ್ಕೆ ಕರೆಂಟು ಹೋಗುತ್ತದೆ. ಜಿಲ್ಲೆಯಲ್ಲೇ, ಶಕ್ತಿನಗರದಲ್ಲಿ, ಹಗಲೂ ರಾತ್ರಿ ಕಲ್ಲಿದ್ದಲು ಸುಟ್ಟು ಕರೆಂಟು ಹುಟ್ಟಿಸುತ್ತಾರೆ. ದೇವದುರ್ಗದ ಕಡೆಯ ಈ ಊರಿಗೆ ಬರುವ ಹೊತ್ತಿಗೆ ಅದಕ್ಕೆ ದಾರಿ ಮರೆತಿರುತ್ತದೆ.

ಹನ್ನೆರಡು ಪರ್ಸೆಂಟ್. ಹತ್ತೊಂಬತ್ತು. ಇಪ್ಪತ್ತೇಳು.

ಮೂವತ್ತನಾಲ್ಕಕ್ಕೆ ಕರೆಂಟು ಹೋಯಿತು.

ಯುಪಿಎಸ್ ಬ್ಯಾಟರಿ ಸತ್ತು ಮೂರು ವರ್ಷವಾಗಿತ್ತು. ಹೊಸದು ಬೇಕೆಂದು ಅವಳು ಮೂರು ಸಲ ಬರೆದು ಕೊಟ್ಟಿದ್ದಳು. ಮೂರೂ ಕಾಗದ ಯಾವುದೋ ಫೈಲಿನಲ್ಲಿ ಮಲಗಿದ್ದವು. ಮಧ್ಯಾಹ್ನ ಎರಡಕ್ಕೆ ಕರೆಂಟು ಬಂದಾಗ ಕಂಪ್ಯೂಟರ್ ಮಾತ್ರ ಬರಲಿಲ್ಲ. ಕಪ್ಪು ಪರದೆ. ಮೇಲೆ ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತಿತ್ತು. ಅಷ್ಟೆ.

ಜಾಲಿದಿನ್ನಿಯ ಕೆರೆಯ ಹೂಳು ತೆಗೆಯುವ ಕೆಲಸ ಮಂಜೂರಾಗಿತ್ತು. ಕೂಲಿಯವರು ಕೆಲಸ ಬೇಕೆಂದು ಅರ್ಜಿ ಕೊಟ್ಟು, ತಾರೀಖು ಬಿದ್ದ ರಸೀದಿ ಪಡೆದರೆ ಕೆಲಸ ಅವರದು. ಶುಕ್ರವಾರ ಕೊನೆಯ ದಿನ. ಅಷ್ಟರೊಳಗೆ ಅರ್ಜಿ ಬೀಳದಿದ್ದರೆ 'ಕೂಲಿಕಾರರು ಮುಂದೆ ಬಂದಿಲ್ಲ' ಎಂದು ಒಂದು ಸಾಲು ಬರೆಯುತ್ತಾರೆ. ಆಮೇಲೆ ಕೆರೆಗೆ ಜೆಸಿಬಿ ಇಳಿಯುತ್ತದೆ. ಜೆಸಿಬಿ ಯಾರದೆಂದು ಊರಿಗೆಲ್ಲ ಗೊತ್ತು. ಪಂಚಾಯಿತಿಯ ಅಧ್ಯಕ್ಷೆ ಬಸವಂತಮ್ಮ. ಅಧ್ಯಕ್ಷೆಯ ಗಂಡ ವಿರೂಪಣ್ಣ. ಸಹಿ ಹೆಂಡತಿಯದು, ಕುರ್ಚಿ ಗಂಡನದು. ಮಾನ್ವಿ ರಸ್ತೆಯಲ್ಲಿ ಅವನ ರೈಸ್ ಮಿಲ್ಲು. ಮಿಲ್ಲಿನ ಹಿಂದೆ ಹಳದಿ ಜೆಸಿಬಿ ಸುಮ್ಮನೆ ನಿಂತಿತ್ತು.

ಕೆರೆಯ ಕೆಲಸ ಸಿಗದಿದ್ದರೆ ಈ ನಲವತ್ತಮೂರು ಜನ ಊರು ಬಿಡಬೇಕು. ಗಾಡಿಯಲ್ಲಿ ಹಸುಗೂಸು, ಪಾತ್ರೆ, ಚಾಪೆ ಹೇರಿಕೊಂಡು ಹೈದರಾಬಾದಿನ ಕಟ್ಟಡಗಳಿಗೆ ಹೋಗಬೇಕು. ಹೋದ ವರ್ಷ ಹೋದವರಲ್ಲಿ ಮಾರೆಪ್ಪನ ಮಗಳು ಮಂಜುಳಾ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಬಂದಳು. ಈಗ ಅವಳೂ ವರಾಂಡದಲ್ಲಿ ಕುಳಿತಿದ್ದಳು. ಗೋಡೆಗೆ ಒರಗಿ, ಒಂದು ಕಾಲು ಚಾಚಿ.

*

ಮಲ್ಲೇಶ್ವರಿಗೆ ನಲವತ್ತಾರು. ಜಾಲಿದಿನ್ನಿಯ ಮಾದಿಗರ ಕೇರಿಯಲ್ಲಿ ಹತ್ತನೆಯ ತರಗತಿ ಪಾಸಾದ ಮೊದಲ ಹೆಣ್ಣು. ಗಂಡ ಬಿಟ್ಟುಹೋದ ವರ್ಷ ರಾಯಚೂರಿಗೆ ಹೋಗಿ ಮೂರು ತಿಂಗಳು ಕಂಪ್ಯೂಟರ್ ಕಲಿತಳು. ಹದಿನಾಲ್ಕು ವರ್ಷದ ಹಿಂದೆ ಪಂಚಾಯಿತಿಗೆ ಈ ಯಂತ್ರ ಬಂದಾಗ ಅದನ್ನು ಓಡಿಸಲು ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಬೇರೆ ಯಾರಿಗೂ ಬರುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳನ್ನು ತೆಗೆದುಕೊಂಡರು. ಹನ್ನೊಂದು ತಿಂಗಳಿಗೊಮ್ಮೆ ಮತ್ತೆ ಬರೆಯುವ ಗುತ್ತಿಗೆ.

ಯಂತ್ರ ಮೊದಲು ಸಭೆಯ ಕೋಣೆಯಲ್ಲಿತ್ತು. ಅವಳು ಅದರ ಮುಂದೆ ಕುಳಿತ ಎರಡನೆಯ ದಿನವೇ ಅದು ಉಗ್ರಾಣಕ್ಕೆ ಹೋಯಿತು. ನಿಜವಾದ ಕಾರಣ ಯಾರೂ ಹೇಳಲಿಲ್ಲ. ಸಭೆಯ ಕೋಣೆ ಸಣ್ಣದಾಗುತ್ತದೆ ಎಂದರು. ಉಗ್ರಾಣದಲ್ಲಿ ಬ್ಲೀಚಿಂಗ್ ಪೌಡರಿನ ಚೀಲಗಳಿದ್ದವು. ಮುರಿದ ಕೊಳಾಯಿಗಳಿದ್ದವು. ಸಂಜೆ ಮನೆಗೆ ಹೋದಾಗ ಅವಳ ಸೀರೆಗೆ, ಕೂದಲಿಗೆ, ಉಣ್ಣುವ ಅನ್ನಕ್ಕೆ ಆ ಪುಡಿಯ ವಾಸನೆ ಇರುತ್ತಿತ್ತು. ಕಣ್ಣು ಉರಿಯುತ್ತಿತ್ತು. ಬೆರಳ ಸಂದು ಬಿರಿಯುತ್ತಿತ್ತು.

ಯಂತ್ರಕ್ಕೂ ಅದೇ ಪುಡಿ. ಅದೂ ಕೆಮ್ಮುತ್ತಿತ್ತು. ಅವಳು ಅದಕ್ಕೆ ಹಳೆಯ ಲಂಗದ ಬಟ್ಟೆಯಿಂದ ಹೊದಿಕೆ ಹೊಲಿದಳು. ಬೇಸಿಗೆಯಲ್ಲಿ ಒದ್ದೆ ಗೋಣಿಚೀಲವನ್ನು ಕಿಟಕಿಗೆ ಕಟ್ಟಿದಳು. ಬಲಗಡೆ ಅಂಗೈಯಿಂದ ಎರಡು ಸಲ ಬಡಿದರೆ ಅದು ಏಳುತ್ತಿತ್ತು. ಆ ಗುಟ್ಟು ಅವಳಿಗೊಬ್ಬಳಿಗೇ ಗೊತ್ತು. ಈ ಹದಿನಾಲ್ಕು ವರ್ಷದಲ್ಲಿ ಐದು ಕಾರ್ಯದರ್ಶಿಗಳು ಬಂದು ಹೋದರು. ಅಧ್ಯಕ್ಷರು ಬದಲಾದರು. ಉಗ್ರಾಣದ ಮೂಲೆಯಲ್ಲಿ ಅವರಿಬ್ಬರೇ ಉಳಿದರು, ಅವಳು ಮತ್ತು ಅದು.

ಅವಳು ಮಾಡಿದ ಒಂದು ಕೆಲಸ ಯಾರ ಗಮನಕ್ಕೂ ಬಂದಿರಲಿಲ್ಲ. ಪಂಚಾಯಿತಿಯ ಹಳೆಯ ರಿಜಿಸ್ಟರಿನಲ್ಲಿ ಕೇರಿಯ ಹೆಂಗಸರ ಹೆಸರು ದುರ್ಗಿ, ಹುಲಿಗಿ, ಯಮನಿ ಎಂದಿತ್ತು. ನಾಯಿಯನ್ನು ಕರೆದ ಹಾಗೆ. ಅವಳು ಕಂಪ್ಯೂಟರಿಗೆ ಏರಿಸುವಾಗ ಒಂದೊಂದನ್ನೂ ತಿದ್ದಿದಳು. ದುರುಗಮ್ಮ. ಹುಲಿಗೆಮ್ಮ. ಯಮನಮ್ಮ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಯಂತ್ರ ಇಲ್ಲವೆನ್ನಲಿಲ್ಲ.

ಹೋದ ತಿಂಗಳು ಮೇಲಿನಿಂದ ಸುತ್ತೋಲೆ ಬಂತು. ಎಲ್ಲ ಯಂತ್ರಗಳನ್ನೂ ಹೊಸ ಆವೃತ್ತಿಗೆ ಏರಿಸಬೇಕು. ತಪ್ಪಿದರೆ ನಿರ್ವಾಹಕರೇ ಹೊಣೆ. ಅವಳು ಕಾರ್ಯದರ್ಶಿ ಮೌನೇಶನಿಗೆ ಹೇಳಿದಳು. "ಸರ್, ಇದು ಹಳೇದು. ಹೊಸಾದನ್ನ ಹೊರಾಂಗಿಲ್ಲ ಇದು. ಏರಿಸಿದ್ರ ಸಾಯ್ತದ." ಮೌನೇಶ ಮೊಬೈಲಿನಿಂದ ತಲೆ ಎತ್ತದೆ, "ನಿನಗೂ ಒಂದು ಅಪ್ಡೇಟ್ ಬೇಕಾಗ್ಯದ ನೋಡು ಮಲ್ಲಮ್ಮ," ಎಂದ. ಪಕ್ಕದಲ್ಲಿ ಕುಳಿತ ವಿರೂಪಣ್ಣ ಹೊಟ್ಟೆ ಕುಲುಕಿಸಿ ನಕ್ಕ. ಅವಳಿಗಿಂತ ಹತ್ತು ವರ್ಷ ಚಿಕ್ಕವನು ಮೌನೇಶ.

ಆ ದಿನದಿಂದ ಅವಳು ಸಂಜೆ ಹೋಗುವಾಗ ಇಂಟರ್ನೆಟ್ಟಿನ ತಂತಿ ಕಿತ್ತಿಡುತ್ತಿದ್ದಳು. ಹಾಲು ಬಿಡಿಸುವ ಕರುವನ್ನು ತಾಯಿಯಿಂದ ದೂರ ಕಟ್ಟುವ ಹಾಗೆ. ಬೆಳಿಗ್ಗೆ ಸಿಕ್ಕಿಸಿ, ಬೇಡ ಎಂಬುದನ್ನು ಒತ್ತಿ, ಕೆಲಸಕ್ಕೆ ತೊಡಗುತ್ತಿದ್ದಳು. ಶನಿವಾರ ಸಂಜೆಯೂ ಕಿತ್ತಿಟ್ಟಿದ್ದಳು. ಸೋಮವಾರ ಬಂದಾಗ ತಂತಿ ಸಿಕ್ಕಿಸಿಯೇ ಇತ್ತು. ತಾನೇ ಮರೆತಿರಬೇಕು ಎಂದುಕೊಂಡಳು. ವಯಸ್ಸಾಗುತ್ತಿದೆ ಎಂದುಕೊಂಡಳು. ಅವಳಿಗೆ ಹಾಗೆಯೇ ಕಲಿಸಿದ್ದರು. ಏನು ಕೆಟ್ಟರೂ ಮೊದಲು ತನ್ನ ಕೈ ನೋಡಿಕೊಳ್ಳುವುದು.

*

ಮಂಗಳವಾರ ಕಂಪ್ಯೂಟರಿನ ಡಬ್ಬಿಯನ್ನು ರಾಯಚೂರಿಗೆ ಒಯ್ಯಬೇಕಾಯಿತು.

ಜೀಪು ಬೇಕೆಂದು ಮೌನೇಶನನ್ನು ಕೇಳಿದಳು. ಜೀಪಿಗೆ ಬೇರೆ ಕೆಲಸವಿದೆ ಎಂದ. ಊರಿನಿಂದ ಬಸ್ಸಿನ ರಸ್ತೆಗೆ ಮೂರು ಕಿಲೋಮೀಟರ್. ಅವಳ ತಾಯಿ ಯಮನಮ್ಮ ಹಳೆಯ ಸೀರೆಯನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. "ಎತ್ತಿಡು," ಎಂದಳು.

"ಬ್ಯಾಡಬೇ ಯವ್ವಾ. ನಾ ಬಗಲಾಗ ಹಿಡಕೊಂತೀನಿ."

"ಬಗಲಾಗ ಹಿಡಿಯಾಕ ಅದೇನು ಕೂಸೇನು? ನಲವತ್ತು ವರ್ಷ ಮಣ್ಣು ಹೊತ್ತೀನಿ. ಮಣ್ಣಿಗಿಂತ ಭಾರ ಇದ್ದೀತೇನು? ಇಡು."

ಸಿಂಬಿಯ ಮೇಲೆ ಕಂಪ್ಯೂಟರ್ ಕುಳಿತಿತು. ಅರವತ್ತೆಂಟರ ಯಮನಮ್ಮ ಒಂದು ಕೈಯನ್ನೂ ಮೇಲೆತ್ತದೆ ನಡೆದಳು. ಏಪ್ರಿಲ್ಲಿನ ಬಿಸಿಲು ಡಾಂಬರಿನಿಂದ ಮೇಲಕ್ಕೆ ಹೊಡೆಯುತ್ತಿತ್ತು. ತಗಡು ಕಾದು ಸಿಂಬಿಯ ಬಟ್ಟೆ ಬಿಸಿಯಾಯಿತು. ಎರಡು ಸಲ ನಿಂತು ಸಿಂಬಿಯನ್ನು ನೀರಿನಲ್ಲಿ ನೆನೆಸಿದರು. ಹಿಂದೆ ನಡೆಯುತ್ತಿದ್ದ ಮಲ್ಲೇಶ್ವರಿಗೆ ತಾಯಿಯ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿರುವುದು ಕಾಣುತ್ತಿತ್ತು. ಮಗಳು ನೆರಳಿನಲ್ಲಿ ಕುಳಿತು ಮಾಡುವ ಕೆಲಸ ಹಿಡಿಯಲಿ ಎಂದು ಇದೇ ಕುತ್ತಿಗೆ ಮಣ್ಣು ಹೊತ್ತಿತ್ತು. ಈಗ ಆ ನೆರಳಿನ ಕೆಲಸವನ್ನೇ ಹೊತ್ತಿದೆ. ಅವಳಿಗೆ ಅಳು ಬರಲಿಲ್ಲ. ಹಲ್ಲು ಕಚ್ಚುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಬಸ್ಸಿನ ಕಂಡಕ್ಟರ್ ಹುಸೇನಪ್ಪ ಡಬ್ಬಿಯನ್ನು ನೋಡಿದ. "ಇದಕ್ಕ ಲಗೇಜ್ ತಿಕೀಟು ಆಗ್ತದಬೇ."

"ಹೆಣ್ಮಕ್ಕಳಿಗೆ ಫ್ರೀ ಅಲ್ಲೇನಪ್ಪಾ?" ಎಂದಳು ಯಮನಮ್ಮ.

"ನಿಮಗ ಫ್ರೀ. ಇದೇನು ಹೆಣ್ಣೇನು?"

"ಹದಿನಾಲ್ಕು ವರ್ಷ ಮೂಲ್ಯಾಗ ಕುಂತು ದುಡದದ. ಕೆಟ್ಟಾಗ ಬೈದಾರ, ಚಲೋ ಇದ್ದಾಗ ಯಾರೂ ಮಾತಾಡ್ಸಿಲ್ಲ. ಈಗ ಮುದುಕಿ ಆಗ್ಯದ, ಬಿಸಾಕು ಅನ್ನಾಕತ್ತಾರ. ಹೆಣ್ಣಲ್ದ ಮತ್ತೇನು?"

ಬಸ್ಸಿಗೆ ಬಸ್ಸೇ ನಕ್ಕಿತು. ಹುಸೇನಪ್ಪನೂ ನಕ್ಕು ಮುಂದೆ ಹೋದ. ಟಿಕೆಟ್ ಹರಿಯಲಿಲ್ಲ.

ರಾಯಚೂರಿನ ತೀನ್ ಕಂದೀಲು ವೃತ್ತದ ಹತ್ತಿರ ಶಾಮೀದಸಾಬನ ರಿಪೇರಿ ಅಂಗಡಿ. ಮುದುಕ. ಹಣೆಗೆ ಟಾರ್ಚು ಕಟ್ಟಿಕೊಂಡು ಡಬ್ಬಿಯನ್ನು ಬಿಚ್ಚಿದ. ಒಳಗಿನಿಂದ ಬಿಳಿ ಪುಡಿ ಉದುರಿತು. ಮೂಸಿ ನೋಡಿದ.

"ಇದನ್ನ ಎಲ್ಲಿಟ್ಟಿದ್ರಿ ಬೆಹನ್? ಸಂಡಾಸದಾಗೇನು?"

"ಅದರ ಬಾಜುಕ," ಎಂದಳು ಮಲ್ಲೇಶ್ವರಿ.

ಅವನು ಎರಡು ತಾಸು ಕುಳಿತ. ಊದಿದ, ಒರೆಸಿದ, ತಂತಿ ಹಚ್ಚಿದ. ಕೊನೆಗೆ ಪರದೆ ಬೆಳಗಿತು. ಅದರ ಮೇಲೆ ಒಂದು ಸಾಲು. ಈ ಯಂತ್ರ ಹೊಸ ಆವೃತ್ತಿಗೆ ಅರ್ಹವಲ್ಲ.

"ಮಷೀನ್ ಖರಾಬ್ ಆಗಿಲ್ಲ," ಎಂದ ಶಾಮೀದಸಾಬ. "ಇನ್ನೂ ಐದು ವರ್ಷ ದುಡೀತದ. ಹಳೇದನ್ನೇ ತಿರುಗಿ ಹಾಕಿಕೊಡ್ತೀನಿ. ಆದ್ರ ಹಳೇದು ಹಾಕಿದ್ರ ನಿಮ್ಮ ಸರ್ಕಾರದ ಸೈಟು ಒಳಗ ಬಿಡಾಂಗಿಲ್ಲ. ಹೊಸಾದು ಹಾಕಿದ್ರ ಇದು ಮ್ಯಾಲ ಏಳಾಂಗಿಲ್ಲ."

"ಮತ್ತ ಏನ್ ಮಾಡೋದ್ರಿ?"

"ಹೊಸ ಮಷೀನ್ ತಗೋರಿ ಅಂತಾರ. ದುಡಿಯೋ ಎತ್ತಿಗೆ ಕಾಲು ಕಟ್ಟಿ, ನಡಿಯಾಂಗಿಲ್ಲ, ಹೊಸ ಎತ್ತು ತಗೋ ಅಂದಂಗ." ಅವನು ಒಂದು ಪಟ್ಟಿಯನ್ನು ತೆರೆದು ಬೆರಳಿಟ್ಟ. "ಆದ್ರ ಇದು ತಾನಾಗೇ ಶುರು ಆಗಿಲ್ಲ ಬೆಹನ್. ಯಾರೋ ಒಪ್ಪಿಗಿ ಅಂತ ಒತ್ತ್ಯಾರ. ನೋಡ್ರಿ ಇಲ್ಲಿ. ಸಂಡೇ. ಸಂಜಿ ನಾಕು ಹತ್ತು."

ಮಲ್ಲೇಶ್ವರಿ ಆ ಸಾಲನ್ನು ಮೂರು ಸಲ ಓದಿದಳು. ಭಾನುವಾರ ಪಂಚಾಯಿತಿಗೆ ಬೀಗ. ಬೀಗದ ಕೈ ಇರುವುದು ಮೌನೇಶನ ಹತ್ತಿರ.

ಎರಡು ದಿನದಿಂದ ಅವಳು ತನ್ನ ಮರೆವನ್ನು ಬೈದುಕೊಳ್ಳುತ್ತಿದ್ದಳು.

"ಈ ಸಾಲನ್ನ ಒಂದು ಕಾಗದದ ಮ್ಯಾಲ ತೆಗೆದು ಕೊಡ್ರಿ," ಎಂದಳು.

ಶಾಮೀದಸಾಬ ಕೂಲಿ ತೆಗೆದುಕೊಳ್ಳಲಿಲ್ಲ. ಯಮನಮ್ಮನ ತಲೆಯ ಮೇಲೆ ಡಬ್ಬಿಯನ್ನು ತಾನೇ ಎತ್ತಿಟ್ಟ.

*

ಬುಧವಾರ ಮತ್ತು ಗುರುವಾರ ಅವಳು ಒಂದೇ ಮಾತು ಕೇಳಿದಳು. ಸಭೆಯ ಕೋಣೆಯ ಹೊಸ ಕಂಪ್ಯೂಟರನ್ನು ಕೊಡಿ. ನಲವತ್ತಮೂರು ಅರ್ಜಿ. ಒಂದು ದಿನದ ಕೆಲಸ.

ಹೊಸ ಕಂಪ್ಯೂಟರ್ ಬಂದು ಒಂದು ವರ್ಷವಾಗಿತ್ತು. ಅದು ಸಭೆಯ ಕೋಣೆಯಲ್ಲಿ ಅಧ್ಯಕ್ಷರ ಮೇಜಿನ ಪಕ್ಕದಲ್ಲಿತ್ತು. ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇನ್ನೂ ಹಾಗೇ ಇತ್ತು. ಆಯುಧಪೂಜೆಯಲ್ಲಿ ಹಚ್ಚಿದ ವಿಭೂತಿ ಕುಂಕುಮ ಪ್ಲಾಸ್ಟಿಕ್ಕಿನ ಮೇಲೆ ಒಣಗಿತ್ತು. ಒಂದು ದಿನವೂ ಆ ಯಂತ್ರವನ್ನು ಯಾರೂ ಚಾಲೂ ಮಾಡಿರಲಿಲ್ಲ. ಚಾಲೂ ಮಾಡಲು ಬರುವವಳು ಒಬ್ಬಳೇ. ಅವಳು ಆ ಕೋಣೆಯಲ್ಲಿ ಕೂರುವುದು ಯಾರಿಗೂ ಬೇಕಿರಲಿಲ್ಲ.

"ಅದು ಮೀಟಿಂಗಿಗೆ ಇಟ್ಟದ್ದು," ಎಂದ ಮೌನೇಶ.

"ಮೀಟಿಂಗ್ಯಾಗ ಅದು ಏನ್ ಮಾಡ್ತದ್ರಿ?"

"ಎದುರು ಮಾತಾಡಬ್ಯಾಡ. ಅಧ್ಯಕ್ಷರನ್ನ ಕೇಳ್ತೀನಿ."

ಗುರುವಾರ ಸಂಜೆಯವರೆಗೂ ಅಧ್ಯಕ್ಷರು ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳನ್ನು ಸಭೆಯ ಕೋಣೆಗೆ ಕರೆದರು. ಎರಡು ಫ್ಯಾನು ತಿರುಗುತ್ತಿದ್ದವು. ವಿರೂಪಣ್ಣ ಹೆಂಡತಿಯ ಕುರ್ಚಿಯಲ್ಲಿ ಕುಳಿತಿದ್ದ. ಬಸವಂತಮ್ಮ ಪಕ್ಕದ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕುಳಿತಿದ್ದಳು. ಮೌನೇಶ ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದ. ಮೇಜಿನ ಮೇಲೆಯೇ ಸರಿಸಿದ. ಅವಳ ಕೈಗೆ ಕೊಡಲಿಲ್ಲ.

ಮೂರೇ ಸಾಲು. ನನ್ನ ನಿರ್ಲಕ್ಷ್ಯದಿಂದ ಕಚೇರಿಯ ಗಣಕಯಂತ್ರ ಕೆಟ್ಟಿರುತ್ತದೆ. ಇದರಿಂದ ಕೂಲಿಕಾರರ ಅರ್ಜಿಗಳನ್ನು ಸ್ವೀಕರಿಸಲು ಆಗಿರುವುದಿಲ್ಲ. ಇದಕ್ಕೆ ನಾನೇ ಹೊಣೆಗಾರಳು.

"ಸಹಿ ಮಾಡು," ಎಂದ ಮೌನೇಶ. "ಮೇಲಿನವರು ರಿಪೋರ್ಟ್ ಕೇಳಾಕತ್ತಾರ. ಸಹಿ ಮಾಡಿದ್ರ ಗುತ್ತಿಗಿ ಮುಂದುವರಸ್ತೀವಿ. ಸುಮ್ಮನ ದೊಡ್ಡದು ಮಾಡಬ್ಯಾಡ."

"ನಮ್ಮ ಹುಡುಗಿ ಇದ್ದಂಗ ಇದ್ದಿ," ಎಂದ ವಿರೂಪಣ್ಣ. "ಯಾರ ಕೈಯಾಗರ ತಪ್ಪು ಆಗ್ತದ. ಒಪ್ಪಿಕೊಂಡ್ರ ಸಣ್ಣವರು ಆಗಾಂಗಿಲ್ಲ."

ಅವಳು ಪೆನ್ನನ್ನು ತೆಗೆದುಕೊಂಡಳು. ಒಂದು ಗಳಿಗೆ, ಒಂದೇ ಗಳಿಗೆ, ಕೈ ಕಾಗದದ ಕಡೆಗೆ ಹೋಯಿತು. ಗುತ್ತಿಗೆ. ತಾಯಿಯ ಮೊಣಕಾಲು. ಮನೆಯ ಮೇಲಿನ ತಗಡು. ಹದಿನಾಲ್ಕು ವರ್ಷದಿಂದ ಸಹಿ ಮಾಡು ಎಂದಲ್ಲೆಲ್ಲ ಸಹಿ ಮಾಡಿದ ಕೈ ಅದು. ಅದಕ್ಕೆ ದಾರಿ ಗೊತ್ತಿತ್ತು.

ನಾನೇ ಹೊಣೆಗಾರಳು. ಹೊಣೆ. ಮೊನ್ನೆ ಹೊತ್ತವಳು ಯಾರು?

"ಭಾನುವಾರ ಸಂಜಿ ನಾಕು ಹತ್ತಕ್ಕ ನೀವು ಎಲ್ಲಿದ್ರಿ ಸರ್?" ಎಂದಳು.

ಮೌನೇಶ ಮೊದಲ ಸಲ ಅವಳ ಮುಖ ನೋಡಿದ. ಅವಳು ರಾಯಚೂರಿನ ಕಾಗದವನ್ನು ರವಿಕೆಯೊಳಗಿನಿಂದ ತೆಗೆದು ಮೇಜಿನ ಮೇಲೆ ಸರಿಸಿದಳು. ಅವಳೂ ಕೈಗೆ ಕೊಡಲಿಲ್ಲ.

ಅವನು ಓದಿದ. "ಮ್ಯಾಲಿಂದ ಫೋನ್ ಬಂದಿತ್ತು. ಎಲ್ಲಾ ಪಂಚಾಯ್ತಿದು ಆಗ್ಯದ, ನಿಮ್ದೊಂದೇ ಉಳದದ ಅಂದ್ರು. ಬಂದು ಒತ್ತಿದೆ. ಅದು ಸಾಯ್ತದಂತ ನನಗೇನ್ ಗೊತ್ತು?"

"ನಾ ಹೇಳಿದ್ದೆ. ನೀವು ಮೊಬೈಲ್ ನೋಡಾಕತ್ತಿದ್ರಿ."

"ಏ," ಎಂದ ವಿರೂಪಣ್ಣ. "ದನಿ ತಗ್ಗಿಸು. ಸಹಿ ಮಾಡ್ತೀಯೋ ಇಲ್ಲೋ?"

"ಮಾಡಾಂಗಿಲ್ಲ."

ಅವಳಿಗೆ ತನ್ನ ದನಿಯೇ ಬೇರೆಯವರದೆನಿಸಿತು. ಸಣ್ಣದಾಗಿಯೂ ಇರಲಿಲ್ಲ, ದೊಡ್ಡದಾಗಿಯೂ ಇರಲಿಲ್ಲ. ಎಷ್ಟೋ ವರ್ಷ ಬಾಯೊಳಗೇ ಇದ್ದು ಒಣಗಿದ ಮಾತು. ಹೊರಗೆ ಬಂದಾಗ ಹಗುರವಾಗಿತ್ತು.

ಬಾಗಿಲಲ್ಲಿ ನೆರಳಾಯಿತು. ಯಮನಮ್ಮ ನಿಂತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಡಬ್ಬಿ. ಹಿಂದೆ ದುರುಗಮ್ಮ. ದುರುಗಮ್ಮನ ಹಿಂದೆ ವರಾಂಡದ ತುಂಬ ಹೆಣ್ಣುಮಕ್ಕಳು. ಮಂಜುಳಾಳನ್ನು ಇಬ್ಬರು ಹಿಡಿದುಕೊಂಡಿದ್ದರು. ಅವರು ಈ ಕೋಣೆಯ ಹೊಸ್ತಿಲನ್ನು ಎಂದೂ ದಾಟಿರಲಿಲ್ಲ. ಯಮನಮ್ಮ ದಾಟಿದಳು. ನೇರವಾಗಿ ಬಂದು ಡಬ್ಬಿಯನ್ನು ವಿರೂಪಣ್ಣನ ಮುಂದೆ ಮೇಜಿನ ಮೇಲಿಳಿಸಿದಳು. ಸಂದಿಯಲ್ಲಿ ಉಳಿದಿದ್ದ ಬಿಳಿ ಪುಡಿ ಅವನ ಕೈಯ ಮೇಲೆ ಉದುರಿತು.

"ತಗೋರಿ," ಎಂದಳು. "ಕೊಂದವರು ನೀವು. ಹೊರಾದೂ ನೀವೇ ಹೊರ್ರಿ."

ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ನೆಲದ ಮೇಲೆ ಕುಳಿತರು. ಹೊಲದ ಮಣ್ಣಿನ ಪಾದಗಳು ಬಿಳಿ ಟೈಲ್ಸಿನ ಮೇಲೆ ಗುರುತು ಬಿಟ್ಟವು. ಮಲ್ಲೇಶ್ವರಿ ಹೊಸ ಕಂಪ್ಯೂಟರಿನ ಹತ್ತಿರ ಹೋದಳು.

"ಅದನ್ನ ಮುಟ್ಟಬ್ಯಾಡ," ಎಂದ ವಿರೂಪಣ್ಣ.

ಅವನು ಹೇಳಿದ್ದು ಯಂತ್ರದ ಮಾತೇ ಇರಬಹುದು. ಆದರೆ ಆ ಮಾತು ಅಲ್ಲಿ ಕುಳಿತ ಒಬ್ಬೊಬ್ಬಳಿಗೂ ಗೊತ್ತಿತ್ತು. ಬಾವಿಯ ಕಟ್ಟೆಯ ಮೇಲೆ ಕೇಳಿದ್ದರು. ಹೋಟೆಲಿನ ಲೋಟದ ಮುಂದೆ ಕೇಳಿದ್ದರು. ಶಾಲೆಯ ಅನ್ನದ ಸೌಟಿನ ಹತ್ತಿರ ಅವರ ಮಕ್ಕಳು ಕೇಳಿ ಬಂದಿದ್ದರು.

ಮಲ್ಲೇಶ್ವರಿ ಪ್ಲಾಸ್ಟಿಕ್ಕಿಗೆ ಉಗುರು ಹಾಕಿದಳು. ಅದು ಪರ್ರನೆ ಹರಿಯಿತು. ಒಣಗಿದ ಕುಂಕುಮ ಪುಡಿಯಾಗಿ ಉದುರಿತು. ಅವಳು ಕುರ್ಚಿಯನ್ನು ಎಳೆದು ಕುಳಿತಳು. ತಂತಿಗಳನ್ನು ಸಿಕ್ಕಿಸಿದಳು. ಗುಂಡಿ ಒತ್ತಿದಳು. ಇದಕ್ಕೆ ಬಡಿಯುವ ಅಗತ್ಯವಿರಲಿಲ್ಲ.

ಪರದೆ ಬೆಳಗಿತು. ನೀಲಿಯಾಯಿತು. ನಡುವೆ ಒಂದು ಚಕ್ರ ತಿರುಗತೊಡಗಿತು.

ಈ ಯಂತ್ರ ಬಹಳ ದಿನದಿಂದ ನವೀಕರಣವಾಗಿಲ್ಲ. ನವೀಕರಣ ನಡೆಯುತ್ತಿದೆ. ಆರಿಸಬೇಡಿ. ಒಂದು ಪರ್ಸೆಂಟ್.

ವಿರೂಪಣ್ಣ ನಗತೊಡಗಿದ. "ನೋಡು. ಅದಕ್ಕೂ ನಿನ್ನ ಕೈ ಒಗ್ಗಲಿಲ್ಲ."

ಮಲ್ಲೇಶ್ವರಿ ಪರದೆಯನ್ನು ನೋಡುತ್ತ ಕುಳಿತಳು. ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಎಷ್ಟು ಹೊಸದು ಬಂದರೂ ಹೀಗೆಯೇ. ತಮ್ಮಂಥವರು ಯಾವಾಗಲೂ ನೂರಾಗುವುದನ್ನು ಕಾಯಬೇಕು. ಅವಳ ತಾಯಿ ಕಾದಿದ್ದಳು. ಅವಳು ಕಾದಳು. ಮಂಜುಳಾ ಕಾಲು ಚಾಚಿ ಕಾಯುತ್ತಿದ್ದಾಳೆ. ಚಕ್ರ ತಿರುಗುತ್ತಲೇ ಇರುತ್ತದೆ. ಆರಿಸಬೇಡಿ ಎನ್ನುತ್ತದೆ.

ಅವಳು ಎದ್ದಳು. ಉಗ್ರಾಣಕ್ಕೆ ಹೋಗಿ ಮೂಲೆಯ ಪೆಟ್ಟಿಗೆಯಿಂದ ಒಂದು ಹಾಳೆ ಕಾರ್ಬನ್ ತಂದಳು. ಟೈಪ್‌ರೈಟರಿನ ಕಾಲದ್ದು. ಅಂಚು ಸುರುಳಿಯಾಗಿತ್ತು, ಮಸಿ ಇನ್ನೂ ಇತ್ತು. ಮೇಜಿನ ಮೇಲಿದ್ದ ಆ ಮೂರು ಸಾಲಿನ ಕಾಗದವನ್ನು ತೆಗೆದುಕೊಂಡು ಮಗುಚಿದಳು. ಹಿಂಬದಿ ಖಾಲಿ ಇತ್ತು. ಕೆಳಗೆ ಕಾರ್ಬನ್ ಇಟ್ಟಳು. ಕಾರ್ಬನ್ನಿನ ಕೆಳಗೆ ಬಿಳಿ ಹಾಳೆ.

"ಏನ್ ಮಾಡಾಕತ್ತಿ?" ಎಂದ ಮೌನೇಶ.

"ಅರ್ಜಿ ಬರಿಯಾಕತ್ತೀನಿ. ಬಿಳಿ ಹಾಳಿ ಮ್ಯಾಲ ಬರದು ಕೊಟ್ರೂ ತಗೋಬೇಕು. ನೀವು ನನಗ ಟೈಪಿಗೆ ಕೊಟ್ಟ ನಿಯಮದ ಪುಸ್ತಕದಾಗ ಅದ. ಅದನ್ನ ಟೈಪ್ ಮಾಡಿದಾಕಿ ನಾನೇ. ನನಗೇ ಈಗ ನೆನಪಾತು."

ಅವಳು ಬರೆದಳು. ಜಾಲಿದಿನ್ನಿಯ ಕೆಳಗೆ ಹೆಸರಿಸಿದ ನಾವು ಕೆರೆಯ ಹೂಳು ತೆಗೆಯುವ ಕೆಲಸ ಕೇಳುತ್ತೇವೆ. ಅದರ ಕೆಳಗೆ ಎರಡು ಸಾಲಾಗಿ ಹೆಸರುಗಳು. ದುರುಗಮ್ಮ. ಹುಲಿಗೆಮ್ಮ. ಯಮನಮ್ಮ. ಮಂಜುಳಾ. ಕಾರ್ಬನ್ನಿಗೆ ಮೂಡಲೆಂದು ಒತ್ತಿ ಬರೆದಳು. ಬಿರಿದ ಬೆರಳು ನೊಂದಿತು. ಒಬ್ಬೊಬ್ಬಳೂ ಎದ್ದು ಬಂದು ಹೆಸರಿನ ಮುಂದೆ ಸಹಿ ಮಾಡಿದಳು, ಇಲ್ಲವೆ ಹೆಬ್ಬೆಟ್ಟು ಒತ್ತಿದಳು. ಹಾಳೆಯ ಮೇಲೂ ಒಮ್ಮೆ, ಕಾರ್ಬನ್ ಎತ್ತಿ ಅದರ ಕೆಳಗೂ ಒಮ್ಮೆ. ಸಲಿಕೆ ಹಿಡಿದು ಸವೆದ ಹೆಬ್ಬೆಟ್ಟಿಗೆ ಗೆರೆಯೇ ಇರಲಿಲ್ಲ. ನೀಲಿಯ ಒಂದು ಮಚ್ಚೆ ಅಷ್ಟೆ ಬೀಳುತ್ತಿತ್ತು.

ಪರದೆಯ ಮೇಲೆ ಹದಿನಾರು. ಕಾಗದದ ಮೇಲೆ ಇಪ್ಪತ್ತೊಂದು.

"ಇದು ನಡಿಯಾಂಗಿಲ್ಲ," ಎಂದ ವಿರೂಪಣ್ಣ. ಅವನು ಈಗ ನಗುತ್ತಿರಲಿಲ್ಲ. "ಮೌನೇಶ, ಆ ಕಾಗದ ಕಸಗೋ."

ಮೌನೇಶ ಕೈ ಚಾಚಿದ. ನೆಲದ ಮೇಲಿದ್ದವರು ಎದ್ದು ನಿಂತರು. ಯಾರೂ ಬೈಯಲಿಲ್ಲ. ಸುಮ್ಮನೆ ಮೇಜಿನ ಸುತ್ತ ನಿಂತರು. ಬೆವರಿನ, ಮಣ್ಣಿನ, ಎಲೆ ಅಡಿಕೆಯ ವಾಸನೆ ಕೋಣೆಯನ್ನು ತುಂಬಿತು. ಮೌನೇಶ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಹನ್ನೊಂದಕ್ಕೆ ಸರಿಯಾಗಿ ಕರೆಂಟು ಹೋಯಿತು.

ಫ್ಯಾನುಗಳು ನಿಂತವು. ಹೊಸ ಪರದೆ ಕಪ್ಪಾಯಿತು. ಕಾಗದದ ಮೇಲೆ ಮೂವತ್ತೊಂಬತ್ತು ಹೆಸರಾಗಿತ್ತು. ದುರುಗಮ್ಮ ಹೋಗಿ ಕಿಟಕಿ ತೆರೆದಳು. ಆ ಬೆಳಕಿನಲ್ಲಿ ಮಲ್ಲೇಶ್ವರಿ ನಾಲ್ಕು ಹೆಸರು ಬರೆದು ಮುಗಿಸಿದಳು.

"ಸೀಲ್ ಒತ್ತ್ರಿ," ಎಂದಳು. "ಎರಡರ ಮ್ಯಾಲೂ. ಇವತ್ತಿನ ತಾರೀಖು."

ಮೌನೇಶ ವಿರೂಪಣ್ಣನನ್ನು ನೋಡಿದ. ವಿರೂಪಣ್ಣ ಕೈಯ ಮೇಲಿನ ಪುಡಿಯನ್ನು ಒರೆಸಿಕೊಳ್ಳುತ್ತಿದ್ದ.

"ಸೀಲು ಮೇಜಿನ ಖಾನ್ಯಾಗ ಅದ," ಎಂದಳು ಬಸವಂತಮ್ಮ.

ಎಲ್ಲರೂ ತಿರುಗಿದರು. ಬೆಂಚಿನ ತುದಿಯಲ್ಲಿ ಅಧ್ಯಕ್ಷೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಅವಳು ಗಂಡನನ್ನು ನೋಡಲಿಲ್ಲ. ಹೆಂಗಸರನ್ನೂ ನೋಡಲಿಲ್ಲ. ನೆಲದ ಮೇಲಿನ ಮಣ್ಣಿನ ಪಾದದ ಗುರುತುಗಳನ್ನು ನೋಡುತ್ತಿದ್ದಳು. "ಎಡಗಡಿ ಖಾನ್ಯಾಗ. ಕೊಡು ಅವರಿಗೆ," ಎಂದಳು.

ಮೌನೇಶ ಸೀಲು ತೆಗೆದ. ತಾರೀಖಿನ ಗಾಲಿ ಹೋದ ತಿಂಗಳಿಗೆ ನಿಂತು ಬಿಗಿದಿತ್ತು. ಉಗುರಿನಿಂದ ತಿರುಗಿಸಿದ. ಮಸಿಗೆ ಅದ್ದಿದ.

"ಒತ್ತಾಕಿಂತ ಮೊದಲು ಓದ್ರಿ," ಎಂದಳು ಮಲ್ಲೇಶ್ವರಿ. "ಯಾರ್ಯಾರು ಬಂದಾರ ಅಂತ ನಿಮಗ ಗೊತ್ತಾಗ್ಲಿ. ಮುಂದ ಬಂದಿಲ್ಲಂತ ಯಾರೂ ಬರಿಬಾರದು."

ಮೌನೇಶ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆಳಕು ಹಾಳೆಯ ಮೂಲಕ ಹಾಯ್ದಿತು. ಹಿಂದೆ ಅವನೇ ಬರೆಸಿದ ಮೂರು ಸಾಲು ತಿರುಗಮುರುಗಾಗಿ ಕಂಡವು. ಸಹಿಯ ಜಾಗ ಖಾಲಿಯಿತ್ತು. ಹೆಸರುಗಳಿರುವ ತನಕ ಆ ಮೂರು ಸಾಲೂ ಫೈಲಿನಲ್ಲಿ ಇರಬೇಕು. ಅವನಿಗೆ ಅದು ತಿಳಿಯಿತು.

"ದುರುಗಮ್ಮ," ಎಂದು ಓದಿದ.

"ಅದೀನಿ," ಎಂದಳು ದುರುಗಮ್ಮ.

"ಹುಲಿಗೆಮ್ಮ."

"ಅದೀನ್ರಿ."

"ಯಮನಮ್ಮ."

ಯಮನಮ್ಮ ತಲೆಯ ಮೇಲಿನ ಸಿಂಬಿಯನ್ನು ತೆಗೆದಳು. ಸೀರೆಯನ್ನು ಬಿಡಿಸಿ, ಜಾಡಿಸಿ, ಹೆಗಲ ಮೇಲೆ ಹಾಕಿಕೊಂಡಳು.

"ಕೇಳಿಸಲಿಲ್ಲ," ಎಂದಳು. "ಇನ್ನೊಮ್ಮಿ ಓದು."